ನೋಡುವವನ ಧರ್ಮ

ಇಂದ್ರಿಯಗಳಲ್ಲೆಲ್ಲ ಕಣ್ಣೊಂದೇ ನಿರಪರಾಧಿಯೆಂದು ಲೋಕದಲ್ಲಿ ಒಂದು ನಂಬಿಕೆಯುಂಟು. ನಾಲಗೆಯು ರುಚಿ ಕಾಣಬೇಕಾದರೆ ಪದಾರ್ಥವು ಇಲ್ಲವಾಗಬೇಕು. ಕೈ ಮುಟ್ಟಿದುದು ಸವೆಯುತ್ತದೆ. ಮೂಗಿನ ಸುಖಕ್ಕಾಗಿ ಹೂವು ಗಿಡವನ್ನು ಅಗಲುತ್ತದೆ. ಕಣ್ಣಾದರೋ ದೂರದಲ್ಲಿಯೇ ನಿಂತು, ತನಗೆ ಬೇಕಾದ ಸುಖವನ್ನು ಪಡೆದು, ವಸ್ತುವನ್ನು ಇದ್ದಲ್ಲಿ ಇದ್ದಂತೆಯೇ ಬಿಟ್ಟು ಹಿಂದಿರುಗುತ್ತದೆ. ಹುಣ್ಣಿಮೆಯ ಚಂದ್ರನನ್ನು ಊರೆಲ್ಲ ನೋಡಿದರೂ ಅವನ ಬೆಳಕಿನಲ್ಲಿ ಎಳ್ಳಷ್ಟೂ ಕಡಮೆಯಾಗುವುದಿಲ್ಲ. ಆದುದರಿಂದಲೇ ನಮ್ಮ ಹಿರಿಯರು ಕರ್ಮದ ಲೇಪವಿಲ್ಲದ ಚೈತನ್ಯವನ್ನು ಹೆಸರಿಸಬೇಕಾದಾಗ ‘ಸಾಕ್ಷಿ’ ಎಂಬ ಮಾತನ್ನು ಆರಿಸಿಕೊಂಡರು. ಮುಂಡಕೋಪನಿಷತ್ತಿನಲ್ಲಿ ಒಂದೇ ಮರವನ್ನು ಆಶ್ರಯಿಸಿದ ಎರಡು ಹಕ್ಕಿಗಳ ದೃಷ್ಟಾಂತ ಬರುವುದನ್ನು ವಾಚಕರು ಬಲ್ಲರು. ಅವುಗಳಲ್ಲಿ ಒಂದು ಹಣ್ಣನ್ನು ತಿನ್ನತಕ್ಕದ್ದು. ಇನ್ನೊಂದು ತಿನ್ನದೆ ನೋಡತಕ್ಕದ್ದು. ತಿನ್ನುವ ಹಕ್ಕಿಗೆ ಶೋಕವುಂಟು, ನೋಡುವ ಹಕ್ಕಿಗೆ ಅದಿಲ್ಲ.

ನಾವು ಪ್ರವಾಸಹೋಗಿ ಕಾಡನ್ನೋ ಕಡಲನ್ನೋ ನೋಡಿ ಬಂದಾಗ, ಈ ಎರಡನೆಯ ಹಕ್ಕಿಯ ಪಂಕ್ತಿಯಲ್ಲಿಯೇ ನಮ್ಮನ್ನು ಕೂರಿಸಿಕೊಳ್ಳುತ್ತೇವೆ. ಹಾಗೆ ಕುಳಿತುಕೊಳ್ಳುವ ಅಧಿಕಾರವು ನಮಗುಂಟೆ ಎಂಬುದನ್ನು ಒಂದು ಸಣ್ಣ ಪ್ರಸಂಗದ ಒರೆಗೆ ಹಚ್ಚಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಪ್ರಸಂಗವು ಅಲ್ಪವೆಂದು ಉಪೇಕ್ಷಿಸಲಾಗದು. ಕೊಲೆ ಕಳವುಗಳ ವಿಷಯದಲ್ಲಿ ಧರ್ಮಾಧರ್ಮಗಳ ನಿರ್ಣಯಕ್ಕೆ ಹೆಚ್ಚಿನ ವಿಚಾರ ಬೇಕಾಗುವುದಿಲ್ಲ. ಯಾರೂ ತಪ್ಪೆಂದು ಎಣಿಸದ ವಿನೋದಗಳಲ್ಲಿಯೇ ವಿವೇಕಕ್ಕೆ ನಿಜವಾದ ಕೆಲಸವಿರುವುದು.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ ಮುರುಡೇಶ್ವರದ ತೀರದಿಂದ ಸುಮಾರು ಹತ್ತು ನಾವಿಕ ಮೈಲಿ, ಎಂದರೆ ಹತ್ತೊಂಬತ್ತು ಕಿಲೋಮೀಟರುಗಳಷ್ಟು ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಆಂಗ್ಲರು ತಮ್ಮ ನಕ್ಷೆಗಳಲ್ಲಿ ಇದನ್ನು ಪಾರಿವಾಳದ ದ್ವೀಪವೆಂದು ಗುರುತಿಸಿದರು. ಜನವಸತಿಯಿಲ್ಲದ, ಸುತ್ತಲೂ ಕಡಿದಾದ ಬಂಡೆಗಳಿರುವ, ಮೇಲೆ ಮರಗಿಡಗಳು ದಟ್ಟವಾಗಿ ಬೆಳೆದಿರುವ ಗುಡ್ಡವದು. ಬಿಳಿಯ ಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಬಂಡೆಗಳ ಬುಡದಲ್ಲಿ, ನೀರಿನ ಕೆಳಗೆ, ಹವಳದ ಜೀವಿಗಳು ಮನೆಮಾಡಿಕೊಂಡಿವೆ; ಅವುಗಳ ಸಂದುಗೊಂದುಗಳಲ್ಲಿ ಚಿಟ್ಟೆಮೀನು, ಗಿಳಿಮೀನು ಮೊದಲಾದ ಬಣ್ಣಬಣ್ಣದ ಮೀನುಗಳು ಸಂಚರಿಸುತ್ತವೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಬೇಸಿಗೆ ಮುಗಿಯುವವರೆಗೂ, ಇವನ್ನು ನೋಡಲಪೇಕ್ಷಿಸುವವರನ್ನು ಕೂರಿಸಿಕೊಂಡು ಮುರುಡೇಶ್ವರದಿಂದ ದೋಣಿಗಳು ಬೆಳಗಿನ ಹೊತ್ತು ಹೊರಡುವುದು ವಾಡಿಕೆ.

ಯಾತ್ರೆಯ ಕ್ರಮವು ಸರಳವಾದುದು. ಒಂದು ಒಂದೂವರೆ ಗಂಟೆಯ ಪ್ರಯಾಣದ ನಂತರ ದೋಣಿಯು ದ್ವೀಪದ ಮರೆಯಲ್ಲಿ ನಿಲ್ಲುತ್ತದೆ. ಈಜು ಬಲ್ಲವರೂ, ತೇಲುಕವಚದ ನೆರವಿನಿಂದ ಬಾರದವರೂ, ಗಾಜಿನ ಮುಖವಾಡವನ್ನು ತೊಟ್ಟು, ಸ್ನಾರ್ಕೆಲ್ ಎಂದು ಕರೆಯುವ ಉಸಿರುಗೊಳವೆಯ ಒಂದು ತುದಿಯನ್ನು ಬಾಯಲ್ಲಿ ಕಚ್ಚಿ ನೀರಿಗಿಳಿಯುತ್ತಾರೆ. ಗೊಳವೆಯ ಮೇಲಿನ ತುದಿ ಗಾಳಿಯಲ್ಲಿರುವುದರಿಂದ ಮುಖವನ್ನು ಕೆಳಗೆ ಮಾಡಿಕೊಂಡು ಬೇಕಾದಷ್ಟು ಹೊತ್ತು ತೇಲಬಹುದು. ಅಂಗೈಯಗಲದ ಆ ಗಾಜಿನ ಮೂಲಕ ಕಾಣುವ ಲೋಕವನ್ನು ಮೊದಲ ಬಾರಿಗೆ ಕಂಡವನಿಗೆ ಮಾತು ಹೊರಡುವುದಿಲ್ಲ. ಬಾಯಲ್ಲಿ ಗೊಳವೆಯಿರುವುದರಿಂದ ಹೊರಡುವಂತೆಯೂ ಇಲ್ಲ. ದಾರಿಯಲ್ಲಿ ಅದೃಷ್ಟವಿದ್ದರೆ ಡಾಲ್ಫಿನ್ನುಗಳ ಬೆನ್ನು ನೀರಿನ ಮೇಲೆ ಕಂಡು ಮರೆಯಾಗುವುದೂ ಉಂಟು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ದಡದಲ್ಲಿರುತ್ತಾರೆ.

ಇದರಲ್ಲಿ ತಪ್ಪೇನು? ಬಲೆಯಿಲ್ಲ, ಗಾಳವಿಲ್ಲ, ಕೋವಿಯಿಲ್ಲ. ಹಿಂದೆ ಇದೇ ದ್ವೀಪವನ್ನು ನೌಕಾಪಡೆಯು ಗುರಿಯ ಅಭ್ಯಾಸಕ್ಕೆ ಬಳಸಿದ್ದುಂಟು. ಗುಂಡಿನ ಆಘಾತವನ್ನು ಸಹಿಸಿದ ಗುಡ್ಡಕ್ಕೆ ನೋಡುವವರ ಕಣ್ಣುಗಳಿಂದ ಏನು ಭಾರವೆಂದು ಯಾರಾದರೂ ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಇದಕ್ಕೆ ಉತ್ತರವನ್ನು ಭಾವನೆಯಿಂದ ಹೇಳದೆ, ನೋಡಲ್ಪಡುವ ಜೀವಿಗಳ ಬಾಳಿನ ಕ್ರಮವನ್ನು ಒಂದೊಂದಾಗಿ ವಿಚಾರಿಸಿ ಹೇಳಬೇಕು.

ಮೊದಲು ಹದ್ದಿನ ವಿಷಯ. ಈ ಹಕ್ಕಿಯು ವರ್ಷಕ್ಕೆ ಒಂದೋ ಎರಡೋ ಮೊಟ್ಟೆಗಳನ್ನಿಡತಕ್ಕದ್ದು. ಒಂದೇ ಗೂಡನ್ನು ವರ್ಷವರ್ಷವೂ ದುರಸ್ತಿಮಾಡಿಕೊಂಡು ಬಳಸತಕ್ಕದ್ದು. ಗೂಡಿನಲ್ಲಿ ಕುಳಿತ ಹದ್ದು ನೋಡುವವನಿಗೆ ಬರಿಯ ಒಂದು ಬಿಳಿಯ ಚುಕ್ಕೆ. ಅದೇ ಹದ್ದು ದೋಣಿಯ ಸದ್ದಿಗೋ ಜನರ ಕೂಗಿಗೋ ಬೆದರಿ ಮೇಲೆದ್ದು, ಅಗಲವಾದ ರೆಕ್ಕೆಗಳನ್ನು ಬಿಚ್ಚಿ ತಲೆಯ ಮೇಲೆ ಸುತ್ತತೊಡಗಿದರೆ, ದೋಣಿಯಲ್ಲಿದ್ದವರೆಲ್ಲ ‘ಆಹಾ’ ಎನ್ನುತ್ತಾರೆ. ಅಷ್ಟು ಹೊತ್ತೂ ಮೊಟ್ಟೆಯೋ ಮರಿಯೋ ಬಿಸಿಲಿಗೆ ತೆರೆದುಕೊಂಡಿರುತ್ತದೆ. ಪ್ರೇಕ್ಷಕನಿಗೆ ಅತ್ಯಂತ ಚೆನ್ನಾದ ನೋಟವು ದೊರೆತ ಗಳಿಗೆಯೇ ಹಕ್ಕಿಗೆ ಅತ್ಯಂತ ಕೆಟ್ಟ ಗಳಿಗೆಯಾಗಿರುವುದು ಇಲ್ಲಿ ಗಮನಿಸತಕ್ಕ ಅಂಶ. ಅದು ಆಟವಾಡುತ್ತಿದೆಯೆಂದು ನಾವು ತಿಳಿಯುತ್ತೇವೆ. ಅದು ನಮ್ಮನ್ನು ಕಾಯುತ್ತಿದೆ.

ಇನ್ನು ಡಾಲ್ಫಿನ್. ನಮ್ಮ ಪಶ್ಚಿಮ ತೀರದಲ್ಲಿ ದಡಕ್ಕೆ ಹತ್ತಿರವಾಗಿ, ಆಳ ಕಡಮೆಯಿರುವ ನೀರಿನಲ್ಲಿ, ನದಿಗಳ ಅಳಿವೆಗಳ ಬಳಿ ವಾಸಿಸತಕ್ಕ ಗೂನುಬೆನ್ನಿನ ಡಾಲ್ಫಿನ್ ಎಂಬ ಜಾತಿಯೊಂದುಂಟು. ಕಾರವಾರದಲ್ಲಿ ಕಾಳೀ ನದಿಯ ಅಳಿವೆಯ ಹತ್ತಿರ ಇವನ್ನು ತೋರಿಸುವುದಕ್ಕಾಗಿಯೇ ದೋಣಿಗಳು ಹೊರಡುತ್ತವೆ. ಈ ಜಾತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2017ರಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತು. ಇದು ಮೀನಲ್ಲ, ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ, ಒಂದು ಸಲಕ್ಕೆ ಒಂದೇ ಮರಿಯನ್ನು ಹೆತ್ತು ಹಾಲೂಡಿಸುವ ಪ್ರಾಣಿ. ನಾವು ಕಣ್ಣಿನಿಂದ ನಡಸುವ ವ್ಯವಹಾರಗಳಲ್ಲಿ ಬಹುಪಾಲನ್ನು ಅದು ಕಿವಿಯಿಂದ ನಡಸುತ್ತದೆ. ಬೇಟೆಯನ್ನು ಹುಡುಕುವುದು, ದಾರಿ ತಿಳಿಯುವುದು, ತಾಯಿಮರಿಗಳು ಒಂದನ್ನೊಂದು ಕರೆಯುವುದು ಎಲ್ಲವೂ ಶಬ್ದದಿಂದ. ಶಬ್ದವು ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಾಲಿಗೂ ಮಿಕ್ಕ ವೇಗದಿಂದ, ಸೆಕೆಂಡಿಗೆ ಸುಮಾರು 1500 ಮೀಟರುಗಳಂತೆ, ನೀರಿನಲ್ಲಿ ಹರಿಯುತ್ತದೆ. ಮೂರು ನಾಲ್ಕು ದೋಣಿಗಳು ಇಂಜಿನ್ನುಗಳನ್ನು ಗರ್ಜಿಸುತ್ತ ಅದನ್ನು ಸುತ್ತುಗಟ್ಟಿದಾಗ ಅದರ ಪಾಲಿಗೆ ಸುತ್ತಲೂ ಮಂಜು ಕವಿದಂತಾಗುತ್ತದೆ. ಉಸಿರಿಗಾಗಿ ಅದು ಮೇಲೆ ಬರಲೇಬೇಕು. ಆ ಅನಿವಾರ್ಯವನ್ನು ಬಲ್ಲ ನಾವು ಅದು ಏಳುವ ಜಾಗವನ್ನು ಮೊದಲೇ ಊಹಿಸಿ ದೋಣಿಯನ್ನು ಅಲ್ಲಿಗೆ ಓಡಿಸುತ್ತೇವೆ.

‘ಆದರೂ ಅವು ಓಡಿಹೋಗುವುದಿಲ್ಲವಲ್ಲ, ದಿನವೂ ಅಲ್ಲಿಯೇ ಕಾಣುತ್ತವಲ್ಲ’ ಎಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಈ ಸಮಾಧಾನವನ್ನು ಪರೀಕ್ಷಿಸಿದ ಒಂದು ಅಧ್ಯಯನವುಂಟು. ಆಸ್ಟ್ರೇಲಿಯದ ಪಶ್ಚಿಮದಲ್ಲಿ ಶಾರ್ಕ್ ಬೇ ಎಂಬ ಕೊಲ್ಲಿಯಿದೆ. ಅಲ್ಲಿ ಪ್ರೇಕ್ಷಕರ ದೋಣಿ ಒಂದೂ ಇಲ್ಲದಿದ್ದ ಕಾಲದಿಂದ ಒಂದಾದ, ಅನಂತರ ಎರಡಾದ ಕಾಲದವರೆಗೆ ಡಾಲ್ಫಿನ್ನುಗಳ ಎಣಿಕೆಯನ್ನು ಇಟ್ಟಿದ್ದರು. 2006ರಲ್ಲಿ ಪ್ರಕಟವಾದ ಅದರ ಫಲವು ಇಷ್ಟು: ಎರಡು ದೋಣಿಗಳು ಓಡಾಡತೊಡಗಿದ ಮೇಲೆ, ಅವು ಸಂಚರಿಸುವ ಭಾಗದಲ್ಲಿ ಡಾಲ್ಫಿನ್ನುಗಳು ಏಳರಲ್ಲಿ ಒಂದರಂತೆ ಕಡಮೆಯಾದುವು, ದೋಣಿಗಳು ಸುಳಿಯದ ಪಕ್ಕದ ಭಾಗದಲ್ಲಿ ಹಾಗೆ ಆಗಲಿಲ್ಲ. ಅಲ್ಲಿಯ ಸರಕಾರವು ಎರಡು ಅನುಮತಿಗಳಲ್ಲಿ ಒಂದನ್ನು ಕಡಮೆಮಾಡಿತು. ಸಾವಿರ ದೋಣಿಗಳಲ್ಲ, ಎರಡು! ಆ ದೋಣಿಗಳಲ್ಲಿ ಕುಳಿತಿದ್ದವರ ಕಣ್ಣಿಗೆ ಅಲ್ಲಿ ಉಳಿದಿದ್ದ ಡಾಲ್ಫಿನ್ನುಗಳು ಶಾಂತವಾಗಿಯೇ ಕಂಡಿರಬೇಕು. ಸಹಿಸಲಾರದವು ಹೊರಟುಹೋಗಿದ್ದುವು, ಸಹಿಸಬಲ್ಲವು ಉಳಿದಿದ್ದುವು. ಹೊರಟುಹೋದವನ್ನು ಕಣ್ಣು ಕಾಣಲಾರದು. ಆದುದರಿಂದ ‘ನಾನು ನೋಡಿದೆ, ಯಾವ ತೊಂದರೆಯೂ ಆಗಲಿಲ್ಲ’ ಎಂದು ಕಣ್ಣು ನುಡಿಯುವ ಸಾಕ್ಷ್ಯವು ತನ್ನ ವಿಷಯದಲ್ಲಿಯೇ ತಾನು ನುಡಿಯುವ ಸಾಕ್ಷ್ಯವಾಗುತ್ತದೆ. ಯಾವ ನ್ಯಾಯಸ್ಥಾನವೂ ಅದನ್ನು ಪೂರ್ಣವಾಗಿ ಒಪ್ಪಲಾರದು.

ಮೂರನೆಯದು ಹವಳ. ಬಂಡೆಯಂತೆ ಕಾಣುವ ಇದು ಅಸಂಖ್ಯ ಸಣ್ಣ ಜೀವಿಗಳು ಸುಣ್ಣದಿಂದ ಕಟ್ಟಿದ ಮನೆ. ಗುಂಡಾಗಿ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಮಾತ್ರ ಬೆಳೆಯುತ್ತವೆ. ಮನುಷ್ಯನ ತಲೆಯಷ್ಟು ಗಾತ್ರದ ಒಂದು ಗುಂಡಿಗೆ ಎರಡು ಮೂರು ದಶಕಗಳ ಪ್ರಾಯವಿರಬಹುದು. ಆಯಾಸಗೊಂಡ ಈಜುಗಾರನು ಒಂದು ಕ್ಷಣ ಅದರ ಮೇಲೆ ಕಾಲೂರಿದರೆ, ಅಥವಾ ಅವನು ಕಾಲಿಗೆ ತೊಟ್ಟ ರಬ್ಬರಿನ ರೆಕ್ಕೆಯು ಅದಕ್ಕೆ ಬಡಿದರೆ, ಆ ದಶಕಗಳ ಕೆಲಸವು ಮುರಿಯುತ್ತದೆ. ಹವಳದ ಒಳಗೆ ವಾಸಿಸುವ ಸೂಕ್ಷ್ಮವಾದ ಪಾಚಿಯೇ ಅದಕ್ಕೆ ಬಣ್ಣವನ್ನೂ ಆಹಾರದ ಬಹುಭಾಗವನ್ನೂ ಕೊಡತಕ್ಕದ್ದು. ಸಮುದ್ರದ ನೀರು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತರೆ ಹವಳವು ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ; ಕಾವು ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿಯೂ, 2010ರಲ್ಲಿಯೂ, 2014ರಿಂದ 2017ರ ವರೆಗೂ ಭೂಮಂಡಲದ ಕಡಲುಗಳಲ್ಲೆಲ್ಲ ಹೀಗಾಯಿತು. ನಾಲ್ಕನೆಯ ಬಾರಿಯ ಬಿಳಿಚುವಿಕೆ ನಡೆಯುತ್ತಿದೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಸಾರಿದರು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಸಮುದ್ರವೇ ಕಾಯುತ್ತಿರುವಾಗ ಒಬ್ಬ ಪ್ರವಾಸಿಯ ಕಾಲಿನ ಪೆಟ್ಟು ಯಾವ ಲೆಕ್ಕದ್ದು? ಮನೆಯಲ್ಲಿ ಜ್ವರದ ರೋಗಿಯಿರುವಾಗ ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದನ್ನು ನೆನೆದರೆ ಇದಕ್ಕೆ ಉತ್ತರ ದೊರೆಯುತ್ತದೆ. ಜ್ವರವನ್ನು ತಂದವರು ನಾವಲ್ಲದಿರಬಹುದು; ಅದನ್ನು ಇಳಿಸುವ ಶಕ್ತಿಯೂ ನಮ್ಮಲ್ಲಿ ಇಲ್ಲದಿರಬಹುದು. ಆದರೂ ಆ ಕೋಣೆಯಲ್ಲಿ ಸದ್ದುಮಾಡದೆ ಹೆಜ್ಜೆಯಿಡುತ್ತೇವೆ. ದೊಡ್ಡ ಕಷ್ಟವು ಸಣ್ಣ ಪೆಟ್ಟಿಗೆ ಕ್ಷಮೆಯನ್ನು ಕೊಡುವುದಿಲ್ಲ. ಅದನ್ನು ತಾಳುವ ಶಕ್ತಿಯನ್ನು ಮಾತ್ರ ಕುಂದಿಸುತ್ತದೆ.

‘ನಾನೊಬ್ಬನು, ಒಂದು ದಿನ, ಒಂದು ಗಂಟೆ’ ಎಂಬ ಲೆಕ್ಕದಲ್ಲಿಯೂ ಒಂದು ಭ್ರಾಂತಿಯಿದೆ. ನಮಗೆ ಅದು ಬಾಳಿನಲ್ಲಿ ಒಂದೇ ಸಲದ ಅನುಭವ. ಹವಳಕ್ಕಾದರೋ ನಾವು ಆ ದಿನದ ಮೂವತ್ತನೆಯವರು, ಆ ತಿಂಗಳಿನ ನೂರಾರನೆಯವರು. ಮೀನುಗಳು ಹತ್ತಿರ ಬರಲೆಂದು ಒಂದು ಚೂರು ರೊಟ್ಟಿಯನ್ನು ನೀರಿಗೆಸೆದವನು ಅದನ್ನು ಔದಾರ್ಯವೆಂದೇ ಎಣಿಸುತ್ತಾನೆ. ದಿನವೂ ರೊಟ್ಟಿ ಬೀಳುವ ಜಾಗದಲ್ಲಿ ಗಿಳಿಮೀನಿನಂಥ ಮೀನುಗಳು ಹವಳದ ಸುತ್ತಣ ಪಾಚಿಯನ್ನು ಕೆರೆದು ತಿನ್ನುವ ತಮ್ಮ ಕೆಲಸವನ್ನು ಮರೆತು ದೋಣಿಗಾಗಿ ಕಾಯತೊಡಗುತ್ತವೆ. ಒಬ್ಬನ ಔದಾರ್ಯವು ಸಾವಿರ ಸಲ ಆವರ್ತಿಸಿದಾಗ ಏನಾಗುತ್ತದೆಂಬುದನ್ನು ಆ ಒಬ್ಬನೇ ಆಲೋಚಿಸಬೇಕು. ಅವನಲ್ಲದೆ ಆಲೋಚಿಸತಕ್ಕವರು ಬೇರೆ ಯಾರೂ ದೋಣಿಯಲ್ಲಿಲ್ಲ.

ಹಾಗಾದರೆ ನೋಡುವುದೇ ಪಾಪವೆ? ಹಾಗೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಸತ್ಯವಾಗಲಾರದು. ನೋಟದಿಂದ ಉಪಕಾರವಾದ ದೃಷ್ಟಾಂತವೂ ನಮ್ಮ ದೇಶದಲ್ಲಿಯೇ ಉಂಟು. ಲೋಕದ ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕನ್ನು ಗುಜರಾತಿನ ತೀರದಲ್ಲಿ ಈಟಿಯಿಂದ ತಿವಿದು ಕೊಲ್ಲುತ್ತಿದ್ದರು. ಮೈಕ್ ಪಾಂಡೆಯವರು ಅದನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದು 2000ದಲ್ಲಿ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಹೆಸರಿನಿಂದ ಲೋಕಕ್ಕೆ ತೋರಿಸಿದರು. ಮರುವರ್ಷವೇ, 2001ರಲ್ಲಿ, ಆ ಮೀನು 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ ಸೇರಿತು. ಹವಳಗಳಿಗೂ ಅದೇ ವರ್ಷ ಶಾಸನದ ರಕ್ಷಣೆ ದೊರೆಯಿತು. ಅನಂತರ 2004ರಲ್ಲಿ ಗುಜರಾತಿನ ತೀರದಲ್ಲಿ ಒಂದು ಪ್ರಚಾರವು ಮೊದಲಾಯಿತು. ಕಥಾಪ್ರವಚನಕಾರರಾದ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗಾಗಿ ತವರಿಗೆ ಬರುವ ಮಗಳಿಗೆ ಹೋಲಿಸಿ ಬೆಸ್ತರಿಗೆ ತಿಳಿಯಹೇಳಿದರು. ಕೊಲ್ಲುತ್ತಿದ್ದವರೇ ಬಲೆಯಲ್ಲಿ ಸಿಕ್ಕ ಮೀನನ್ನು, ತಮ್ಮ ಬಲೆಯನ್ನು ತಾವೇ ಕತ್ತರಿಸಿ, ಬಿಡತೊಡಗಿದರು. ಹೀಗೆ ಬಿಡುಗಡೆಯಾದ ಮೀನುಗಳ ಸಂಖ್ಯೆ ನೂರಾರು.

ಈ ದೃಷ್ಟಾಂತವನ್ನು ‘ನೋಡಿದರೆ ತಾನೆ ಪ್ರೀತಿ ಹುಟ್ಟುವುದು, ಪ್ರೀತಿಯಿದ್ದರೆ ತಾನೆ ರಕ್ಷಣೆ’ ಎಂಬ ವಾದಕ್ಕೆ ಆಧಾರವಾಗಿ ಹಿಡಿಯಬಹುದು. ನಾವೂ ಅದನ್ನು ಒಪ್ಪುತ್ತೇವೆ. ಆದರೆ ಅಲ್ಲಿ ರಕ್ಷಣೆಯನ್ನು ತಂದದ್ದು ಯಾವ ಬಗೆಯ ನೋಟವೆಂಬುದನ್ನು ಮರೆಯಲಾಗದು. ಒಬ್ಬರು ನೋಡಿದರು, ಅವರ ಕಣ್ಣಿನ ಮೂಲಕ ದೇಶವು ನೋಡಿತು. ದೇಶವೆಲ್ಲ ಒಂದೊಂದು ದೋಣಿಯನ್ನು ಬಾಡಿಗೆಗೆ ಹಿಡಿದು ಆ ಮೀನಿನ ಬೆನ್ನುಹತ್ತಬೇಕಾಗಲಿಲ್ಲ. ಇನ್ನು ಬಲೆ ಕತ್ತರಿಸಿದ ಬೆಸ್ತನಿಗೆ ಆ ಮೀನಿನೊಡನೆ ಉಂಟಾದ ಸಂಬಂಧದಲ್ಲಿ ಒಂದು ನಷ್ಟವು ಸೇರಿತ್ತು. ಬಲೆಗೆ ಆಮೇಲೆ ಪರಿಹಾರಧನವು ದೊರೆತಿರಬಹುದು. ಕತ್ತಿಯನ್ನು ಬಲೆಗೆ ಹಚ್ಚಿದ ಗಳಿಗೆಯಲ್ಲಿ ಕೈಬಿಟ್ಟುಹೋದ ಆ ದಿನದ ದುಡಿಮೆಯು ಮಾತ್ರ ಅವನದೇ. ತಾನು ಏನನ್ನೂ ಬಿಡದೆ ಬರಿದೆ ಪಡೆಯುವ ನೋಟಕ್ಕೂ, ಏನನ್ನಾದರೂ ಬಿಟ್ಟು ಪಡೆಯುವ ನೋಟಕ್ಕೂ ಇರುವ ವ್ಯತ್ಯಾಸವು ನಮ್ಮ ಪ್ರಶ್ನೆಯ ಮರ್ಮವೆಂದು ನಮಗೆ ತೋರುತ್ತದೆ.

ಪ್ರವಾಸಿಯು ಏನನ್ನು ಬಿಡಬೇಕು? ಹಣವನ್ನು ಅವನು ಕೊಟ್ಟೇ ಇದ್ದಾನೆ. ತೊಂದರೆಯು ಅಲ್ಲಿಂದಲೇ ಆರಂಭವಾಗುತ್ತದೆ. ಹಣ ಕೊಟ್ಟವನು ತಾನು ಕೊಂಡದ್ದು ದೋಣಿಯ ಪ್ರಯಾಣವನ್ನೆಂದು ತಿಳಿಯದೆ ಡಾಲ್ಫಿನ್ನನ್ನೆಂದು ತಿಳಿಯುತ್ತಾನೆ. ‘ನಿಶ್ಚಯವಾಗಿ ತೋರಿಸುತ್ತೇವೆ’ ಎಂದು ದಡದಲ್ಲಿ ಯಾರಾದರೂ ಮಾತು ಕೊಟ್ಟಿದ್ದರೆ ಹೇಳಬೇಕಾದುದೇ ಇಲ್ಲ. ಅರ್ಧ ಗಂಟೆ ಕಳೆದರೂ ಏನೂ ಕಾಣದಿದ್ದರೆ ದೋಣಿಯಲ್ಲಿ ಗೊಣಗಾಟ ಶುರುವಾಗುತ್ತದೆ. ‘ಎಲ್ಲಪ್ಪಾ ನಿನ್ನ ಡಾಲ್ಫಿನ್?’ ಎಂದು ಒಬ್ಬನು ಕೇಳುತ್ತಾನೆ, ಉಳಿದವರು ನಗುತ್ತಾರೆ. ದೋಣಿಯ ತಾಂಡೇಲನು ನಗುವುದಿಲ್ಲ. ಕಡಲು ತೆರೆದಿರುವ ಕೆಲವೇ ತಿಂಗಳುಗಳಲ್ಲಿ ಅವನು ವರ್ಷದ ಅನ್ನವನ್ನು ಸಂಪಾದಿಸಿಕೊಳ್ಳಬೇಕು. ದೋಣಿಯ ಸಾಲ, ಎಣ್ಣೆಯ ಬೆಲೆ, ಮಕ್ಕಳ ಶಾಲೆ ಎಲ್ಲವೂ ಅವನ ತಲೆಯಲ್ಲಿವೆ. ದೂರದಲ್ಲಿ ಒಂದು ಬೆನ್ನು ಕಾಣುತ್ತಲೇ ಅವನು ಇಂಜಿನ್ನಿನ ವೇಗವನ್ನು ಏರಿಸುತ್ತಾನೆ. ಬೆನ್ನಟ್ಟಬಾರದೆಂಬುದನ್ನು ಅವನು ನಮಗಿಂತ ಚೆನ್ನಾಗಿ ಬಲ್ಲನು. ಆ ಪ್ರಾಣಿಯ ಮೇಲೆ ಅವನಿಗಿರುವ ಮಮತೆಯೂ ನಮ್ಮದಕ್ಕಿಂತ ಹಳೆಯದು. ಕೈ ಅವನದಾದರೂ ಅದನ್ನು ಚಲಾಯಿಸಿದ್ದು ನಮ್ಮ ಅಸಹನೆ. ಆದುದರಿಂದ ದೋಷವನ್ನು ದೋಣಿಯವನ ತಲೆಗೆ ಕಟ್ಟಿ ನಾವು ಸಾಕ್ಷಿಗಳಾಗಿ ಉಳಿಯಲು ಬರುವುದಿಲ್ಲ.

ಈ ವಿಚಾರದಿಂದ ನಾವು ಒಂದು ನಿರ್ಣಯಕ್ಕೆ ಬರುತ್ತೇವೆ. ನೋಡುವುದರಿಂದ ಆಗುವ ಹಾನಿಯಲ್ಲಿ ಬಹುಭಾಗವು ನೋಟದಿಂದಲ್ಲ, ‘ಕಂಡೇ ತೀರಬೇಕು’ ಎಂಬ ಹಟದಿಂದ ಹುಟ್ಟುತ್ತದೆ. ಬೆನ್ನಟ್ಟುವುದು, ಕೂಗಿ ಎಬ್ಬಿಸುವುದು, ಆಹಾರವೆಸೆದು ಕರೆಯುವುದು, ಹತ್ತಿರದಿಂದ ಕಾಣಲೆಂದು ಹವಳದ ಮೇಲೆ ನಿಲ್ಲುವುದು, ಎಲ್ಲಕ್ಕೂ ಮೂಲವು ಅದೇ. ಆದುದರಿಂದ ನೋಡುವವನು ಬಿಡಬೇಕಾದುದು ಆ ನಿಶ್ಚಯವನ್ನು. ಕಾಣದೆ ಹಿಂದಿರುಗುವುದಕ್ಕೆ ಮನಸ್ಸನ್ನು ಮೊದಲೇ ಒಪ್ಪಿಸಿಕೊಂಡು ದೋಣಿ ಹತ್ತಿದವನಿಗೆ ಮಾತ್ರ ನೋಡುವ ಹಕ್ಕುಂಟು.

ಇದು ಹೊಸದಾಗಿ ಕಲಿಯಬೇಕಾದ ಧರ್ಮವಲ್ಲ. ನೇತ್ರಾಣಿಯಿಂದ ದಕ್ಷಿಣಕ್ಕೆ, ಅದೇ ಕಡಲಿನ ತೀರದ ನಾಡಿನಲ್ಲಿ, ಉಡುಪಿಯುಂಟು. ಅಲ್ಲಿ ಕೃಷ್ಣನ ದರ್ಶನವನ್ನು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ಪಡೆಯುವುದು ಸಂಪ್ರದಾಯ. ನೂರಾರು ಮೈಲಿಗಳಿಂದ ಬಂದ ಭಕ್ತನು ಸಾಲಿನಲ್ಲಿ ಕಾದು, ಬಾಗಿ, ಆ ಕಿಂಡಿಯಲ್ಲಿ ಕಂಡಷ್ಟನ್ನು ಕಂಡು, ತೃಪ್ತನಾಗಿ ಮುಂದೆ ಸಾಗುತ್ತಾನೆ. ಅಲಂಕಾರದ ಹೊತ್ತಿಗೆ ತೆರೆಯೆಳೆದಿದ್ದರೆ ಅದು ಸರಿಯುವವರೆಗೆ ಕಾಯುತ್ತಾನೆ. ಕಿಂಡಿಯನ್ನು ಅಗಲಮಾಡಿರೆಂದು ಯಾರೂ ಕೇಳುವುದಿಲ್ಲ. ಕನಕದಾಸರ ಕಥೆಯೂ ಇದನ್ನೇ ಹೇಳುತ್ತದೆ. ಒಳಗೆ ಪ್ರವೇಶ ದೊರೆಯದ ಆ ಭಕ್ತರು ಹಿಂಭಾಗದಲ್ಲಿ ನಿಂತು ಹಾಡಿದಾಗ ಗೋಡೆ ಬಿರಿದು ದೇವರು ಅವರ ಕಡೆಗೆ ತಿರುಗಿದನೆಂಬುದು ಪ್ರತೀತಿ. ಅವರನ್ನು ಹೊರಗೆ ನಿಲ್ಲಿಸಿದವರ ಅನ್ಯಾಯವು ಬೇರೆಯ ಮಾತು. ಅದನ್ನು ಯಾರೂ ಸಮರ್ಥಿಸಲಾರರು. ನಮ್ಮ ಪ್ರಸ್ತುತಕ್ಕೆ ಬೇಕಾದ ಅಂಶವಿಷ್ಟೆ: ಆ ಕಥೆಯಲ್ಲಿ ತಿರುಗುವ ಸ್ವಾತಂತ್ರ್ಯವು ಕಾಣಿಸಿಕೊಳ್ಳುವವನದು. ದರ್ಶನವೆಂಬ ಮಾತಿಗೆ ನಮ್ಮಲ್ಲಿ ಇರುವ ಅರ್ಥವೇ ಅದು. ‘ನಾನು ದೇವರನ್ನು ನೋಡಿಬಿಟ್ಟೆ’ ಎನ್ನುವುದಕ್ಕಿಂತ ‘ದರ್ಶನವಾಯಿತು’ ಎನ್ನುವುದೇ ನಮ್ಮ ರೂಢಿ.

ಕಡಲಿನ ಪ್ರಾಣಿಗಳು ದೇವರೆಂದು ಇಲ್ಲಿ ವಾದಿಸುತ್ತಿಲ್ಲ. ಅವುಗಳ ಬಾಳು ಅವುಗಳದೇ ಎಂಬಷ್ಟನ್ನು ಒಪ್ಪಿದರೆ ಸಾಕು. ಹಾಗೆ ಒಪ್ಪಿದವನಿಗೆ ಮುಖದ ಮೇಲಿನ ಗಾಜು ಒಂದು ಕಿಂಡಿಯಾಗುತ್ತದೆ; ನಡತೆಯ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಡಾಲ್ಫಿನ್ ಕಂಡರೆ ಇಂಜಿನ್ನಿನ ವೇಗವನ್ನು ತಗ್ಗಿಸಿ ದೂರದಲ್ಲಿ ನಿಲ್ಲಬೇಕು. ಹತ್ತಿರ ಬರುವುದೂ ಬಿಡುವುದೂ ಅದರ ಇಷ್ಟ. ತಾಯಿಮರಿಗಳ ನಡುವೆ ದೋಣಿ ನುಗ್ಗಬಾರದು. ಗೂಡಿರುವ ಬಂಡೆಯ ಬಳಿ ಕೂಗಬಾರದು. ನೀರಿನಲ್ಲಿ ಕೈಗಳನ್ನು ಮೈಗೆ ಸೇರಿಸಿಕೊಂಡು, ಕಾಲಿನ ರೆಕ್ಕೆಗಳನ್ನು ಮೆಲ್ಲನೆ ಆಡಿಸುತ್ತ, ಮೇಲಿನಿಂದಲೇ ತೇಲಬೇಕು. ಏನನ್ನೂ ಮುಟ್ಟಬಾರದು, ಎತ್ತಬಾರದು, ಎಸೆಯಬಾರದು. ಬಿಸಿಲಿನ ರಕ್ಷಣೆಗೆ ಹಚ್ಚಿಕೊಳ್ಳುವ ಕೆಲವು ಲೇಪನಗಳಲ್ಲಿ ಹವಳಕ್ಕೆ ಕೆಡಕುಮಾಡುವ ವಸ್ತುಗಳಿವೆಯೆಂದು ಪಲಾವು ದೇಶವು 2020ರಿಂದಲೂ ಹವಾಯಿ ದ್ವೀಪಗಳು 2021ರಿಂದಲೂ ಅವನ್ನು ನಿರ್ಬಂಧಿಸಿವೆ. ತುಂಬುತೋಳಿನ ಅಂಗಿಯು ಆ ಕೆಲಸವನ್ನು ಯಾವ ಕೇಡೂ ಇಲ್ಲದೆ ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಡುವ ಮೊದಲೇ ತಾಂಡೇಲನಿಗೆ ಒಂದು ಮಾತು ಹೇಳಬೇಕು: ‘ಏನೂ ಕಾಣದಿದ್ದರೂ ನಿಮ್ಮ ಬಾಡಿಗೆಯಲ್ಲಿ ಕಾಸೂ ಕಡಮೆಯಿಲ್ಲ, ಯಾವುದನ್ನೂ ಬೆನ್ನಟ್ಟಬೇಡಿ.’ ಈ ಒಂದು ಮಾತಿನಿಂದ ಆಗುವಷ್ಟು ಹಿತವು ಹತ್ತು ನಿಯಮಗಳಿಂದ ಆಗಲಾರದು. ಏಕೆಂದರೆ ಇದು ಅವನ ಅನ್ನವನ್ನೂ ಆ ಪ್ರಾಣಿಯ ನೆಮ್ಮದಿಯನ್ನೂ ಒಂದೇ ಪಕ್ಷದಲ್ಲಿ ನಿಲ್ಲಿಸುತ್ತದೆ.

ಒಬ್ಬೊಬ್ಬರ ಸಂಯಮವು ಸಾಲದೆ ಹೋದಾಗ ಊರೇ ಕದವಿಕ್ಕಬೇಕಾಗುತ್ತದೆ. ಥಾಯ್ಲೆಂಡಿನ ಮಾಯಾ ಬೇ ಎಂಬ ಸಣ್ಣ ಕೊಲ್ಲಿಯು 2000ದಲ್ಲಿ ಬಂದ ಒಂದು ಚಲಚ್ಚಿತ್ರದಿಂದ ಪ್ರಸಿದ್ಧವಾಗಿ, ದಿನಕ್ಕೆ ಐದು ಸಾವಿರದವರೆಗೂ ಜನರು ದೋಣಿಗಳಲ್ಲಿ ಬಂದಿಳಿಯತೊಡಗಿದರು. ಹವಳವು ನಾಶವಾಗುತ್ತ ಬಂದುದರಿಂದ 2018ರ ಜೂನಿನಲ್ಲಿ ಅದನ್ನು ಮುಚ್ಚಿದರು. 2022ರ ಜನವರಿಯಲ್ಲಿ ತೆರೆದರು. ಆ ಅವಧಿಯಲ್ಲಿ ಕಪ್ಪು ತುದಿಯ ರೆಕ್ಕೆಗಳುಳ್ಳ ಶಾರ್ಕುಗಳು ಕೊಲ್ಲಿಗೆ ಮರಳಿ ಬಂದುವು. ನಮ್ಮ ತೀರದಲ್ಲಿ ಈ ವಿರಾಮವನ್ನು ಮಳೆಗಾಲವು ತಾನಾಗಿಯೇ ಕೊಡುತ್ತದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಶ್ರಾವಣದ ಹುಣ್ಣಿಮೆಯಲ್ಲಿ ಮೀನುಗಾರರು ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿ ನಮಸ್ಕರಿಸುತ್ತಾರೆ. ಕಡಲನ್ನು ತಿಂದು ಬದುಕುವವರೇ ಹೀಗೆ ಅದರ ಅನುಜ್ಞೆಯನ್ನು ಬೇಡುವಾಗ, ಕೇವಲ ನೋಡಲೆಂದು ಹೋಗುವ ನಾವು ಕೇಳದೆ ನುಗ್ಗುವುದು ಹೇಗೆ ಒಪ್ಪೀತು?

ಉಪನಿಷತ್ತಿನ ಎರಡನೆಯ ಹಕ್ಕಿಗೆ ನಾವು ಸಮಾನರಲ್ಲವೆಂಬುದು ಈಗ ಸ್ಪಷ್ಟವಾಗಿರಬೇಕು. ದೇಹವಿರುವ, ದೋಣಿಯಿರುವ, ಆಸೆಯಿರುವ ನಾವು ನೋಡುವಾಗಲೂ ಸ್ವಲ್ಪ ತಿನ್ನುತ್ತಲೇ ಇರುತ್ತೇವೆ. ಅದನ್ನು ಅರಿತು ಎಷ್ಟು ಕಡಮೆ ತಿನ್ನಬಹುದೆಂದು ವಿಚಾರಿಸುವುದು ಗೃಹಸ್ಥರಾದ ನಮ್ಮ ಯೋಗ್ಯತೆಗೆ ತಕ್ಕ ಧರ್ಮ. ಈ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕರಾವಳಿಗೆ ಹೋಗತಕ್ಕ ತಂದೆತಾಯಿಗಳು ದೋಣಿ ಹತ್ತುವ ಮೊದಲು ಅವರಿಗೆ ಇದನ್ನು ಹೇಳುವುದು ಒಳ್ಳೆಯದು: ಇಂದು ಡಾಲ್ಫಿನ್ ಕಾಣಬಹುದು, ಕಾಣದೆಯೂ ಇರಬಹುದು, ಕಾಣದಿದ್ದರೆ ಅದು ಈ ಕಡಲಿನಲ್ಲಿ ಬೇರೆಲ್ಲೋ ತನ್ನ ಮರಿಯೊಡನೆ ಸುಖವಾಗಿದೆಯೆಂದು ತಿಳಿಯೋಣ. ಮಕ್ಕಳು ಮೊದಲು ಸಪ್ಪೆ ಮುಖ ಮಾಡಿಯಾರು. ಆದರೆ ಒಂದು ಪ್ರಾಣಿಯು ಇದೆ ಎಂಬುದರಿಂದಲೇ ಸಂತೋಷಪಡುವುದನ್ನು, ಅದು ತನ್ನ ಕಣ್ಣಿಗೆ ಬೀಳಲೇಬೇಕೆಂದು ಹಟಹಿಡಿಯದಿರುವುದನ್ನು ಕಲಿತ ಮಗುವು ಮುಂದೆ ಮನುಷ್ಯರೊಡನೆಯೂ ಹಾಗೆಯೇ ನಡೆದುಕೊಂಡೀತೆಂದು ಆಶಿಸಲು ಕಾರಣವುಂಟು.